ಅಜ್ಜಿಯ ತಟ್ಟಿ ಎಷ್ಟು ಭಾರ ತಡೆಯುತ್ತದೆ?



ಮಳೆಗಾಲದಲ್ಲಿ ನಮ್ಮ ಮನೆಯ ತಗಡಿನ ಕೆಳಗೆ ಕೂತು ಓದೋಕೆ ಆಗಲ್ಲ, ಅಷ್ಟು ಸದ್ದು. ಬೇಸಿಗೆಯಲ್ಲಿ ಕಾವು. ಆದ್ದರಿಂದ ವಿಜ್ಞಾನದ ಮೇಷ್ಟ್ರು “ಬಿದಿರಿನ ತಟ್ಟಿಯಿಂದಲೂ ಮನೆಗೆ ಹೊದಿಸುವ ಶೀಟು ಮಾಡಿದ್ದಾರೆ” ಎಂದಾಗ ನಾನು ಕಿವಿಗೊಟ್ಟು ಕೇಳಿದೆ. ಹಿಂದಿನ ಬೆಂಚಿನವರು ನಕ್ಕರು. ನಮ್ಮಜ್ಜಿ ತಟ್ಟಿ, ಮೊರ, ಬುಟ್ಟಿ ಹೆಣೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಒಬ್ಬ “ನಿಮ್ಮಜ್ಜಿ ತಟ್ಟಿ ಮೇಲೆ ಕಾಗೆ ಕೂತ್ರೆ ಸಾಕು, ಒಳಗೇ ಬೀಳುತ್ತೆ” ಅಂದ. ನನಗೆ ಸಿಟ್ಟು ಬಂತು. ಮೇಷ್ಟ್ರು ಬೈಯಲಿಲ್ಲ. “ಕೂರಿಸಿ ನೋಡಿ” ಅಂದರು. ಕಾಗೆ ಬದಲು ತೂಕದ ಬಟ್ಟು ಇಟ್ಟು ನೋಡಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಿಜವಾದ ಶೀಟಿನ ವಿಷಯ. ಬೆಂಗಳೂರಿನಲ್ಲಿ 1962ರಲ್ಲಿ ಆರಂಭವಾದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಇದನ್ನು ರೂಪಿಸಿದರು. ಬಿದಿರನ್ನು ತೆಳ್ಳಗೆ ಸೀಳಿ ತಟ್ಟಿ ಹೆಣೆಯುತ್ತಾರೆ. ಅದನ್ನು ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ಅಂಟಿನಲ್ಲಿ ಅದ್ದಿ ಒಣಗಿಸುತ್ತಾರೆ. ಆಮೇಲೆ ಕೆಲವು ತಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಅಲೆ ಅಲೆಯಾಗಿರುವ ಕಬ್ಬಿಣದ ಅಚ್ಚಿನ ನಡುವೆ ಬಿಸಿಯಲ್ಲಿ ಒತ್ತುತ್ತಾರೆ. ಬಿಸಿ ಎಂದರೆ ಕುದಿಯುವ ನೀರಿಗಿಂತಲೂ ಹೆಚ್ಚು. ಹೊರಗೆ ತೆಗೆದಾಗ ಹೆಣಿಗೆ ಹಾಗೇ ಕಾಣುತ್ತದಂತೆ, ಆದರೆ ಹಲಗೆಯಂತೆ ಗಟ್ಟಿ. (ಬಿದಿರು ಮರವಲ್ಲ, ಹುಲ್ಲಿನ ಜಾತಿ. ಇದು ನನಗೂ ಗೊತ್ತಿರಲಿಲ್ಲ.)

ನಮ್ಮ ಹತ್ತಿರ ಆ ಯಂತ್ರ ಇಲ್ಲ, ಆ ಅಂಟೂ ಇಲ್ಲ. ಅಜ್ಜಿ ಸಣ್ಣ ಸಣ್ಣ ತಟ್ಟಿ ಹೆಣೆದುಕೊಟ್ಟರು. ಹೊರಸಿಪ್ಪೆ ಹೆರೆದೇ ಕೊಟ್ಟರು, ಏಕೆಂದರೆ ಅದು ಮೇಣದಂತೆ ನುಣುಪು, ಅಂಟು ಹಿಡಿಯಲ್ಲ. ಬಡಗಿಗಳು ಬಳಸುವ ಬಿಳಿ ಅಂಟು ಬಳಿದು ಎರಡೆರಡು ತಟ್ಟಿ ಜೋಡಿಸಿದೆವು. ಒಂದು ಜೋಡಿಯನ್ನು ಎರಡು ಹಲಗೆಯ ನಡುವೆ ಇಟ್ಟೆವು. ಇನ್ನು ಮೂರು ಜೋಡಿಗಳನ್ನು ಮನೆಗೆ ಹೊದಿಸಿ ಉಳಿದಿದ್ದ ಅಲೆ ತಗಡಿನ ತುಂಡುಗಳ ನಡುವೆ ಇಟ್ಟೆವು. ಅದರಲ್ಲಿ ಒಂದಕ್ಕೆ ಅಲೆ ಅಡ್ಡ ಬರುವಂತೆ ಇಟ್ಟಿದ್ದೆವು. ಅಂಟಿಕೊಳ್ಳದಿರಲಿ ಅಂತ ತಗಡಿಗೆ ಎಣ್ಣೆ ಸವರಿದ್ದೆವು. ಮೇಲೆ ಕಲ್ಲು ಹೇರಿ ಮೂರು ದಿನ ಬಿಟ್ಟೆವು. ತುಂಡುಗಳೆಲ್ಲ 45 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ತಟ್ಟಿ ಒಂದೇ, ಅಂಟು ಒಂದೇ, ಅಳತೆ ಒಂದೇ. ಆಕಾರ ಮಾತ್ರ ಬೇರೆ. ಹೀಗಿಲ್ಲದಿದ್ದರೆ ಯಾವುದರಿಂದ ಬಲ ಬಂತು ಅಂತ ತಿಳಿಯೋದಿಲ್ಲ ಎಂದು ಮೇಷ್ಟ್ರು ಹೇಳಿದರು.

ಎರಡು ಇಟ್ಟಿಗೆಗಳನ್ನು 40 ಸೆಂ.ಮೀ. ದೂರ ಇಟ್ಟು, ಅವುಗಳ ಮೇಲೆ ತುಂಡನ್ನು ಸೇತುವೆಯಂತೆ ಮಲಗಿಸಿ ನಡುವೆ ಬಟ್ಟು ಇಟ್ಟೆವು. ದೊಡ್ಡ ಪ್ರಯೋಗಶಾಲೆಯಲ್ಲೂ ಬಾಗುವಿಕೆಯ ಪರೀಕ್ಷೆ ಹೀಗೇ: ಎರಡು ಕಡೆ ಆಧಾರ, ನಡುವೆ ಭಾರ. ಅಲ್ಲಿ ಯಂತ್ರ ಮೆಲ್ಲಗೆ ಒತ್ತುತ್ತದೆ, ಎಷ್ಟು ಒತ್ತಿದರೆ ಎಷ್ಟು ಬಾಗಿತು, ಯಾವಾಗ ಮುರಿಯಿತು ಅಂತ ಬರೆದುಕೊಳ್ಳುತ್ತಾರೆ. ನಾವು ಸ್ಕೇಲ್ ಹಿಡಿದು ನೋಡಿದೆವು.

ಚಪ್ಪಟೆ ತುಂಡು 1 ಕಿಲೋಗೇ 2 ಸೆಂ.ಮೀ. ಬಾಗಿತು. 3 ಕಿಲೋ ಇಟ್ಟಾಗ ಇಟ್ಟಿಗೆಯಿಂದ ಜಾರಿ ಬಿತ್ತು. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಆಮೇಲೆ ಅಲೆ ಇರುವ ತುಂಡು. ಅಲೆಗಳು ಇಟ್ಟಿಗೆಯಿಂದ ಇಟ್ಟಿಗೆಗೆ ಉದ್ದಕ್ಕೆ ಹೋಗುವಂತೆ ಇಟ್ಟೆವು. 1 ಕಿಲೋ ಇಟ್ಟರೆ ಬಾಗಿದ್ದು ಕಾಣಲೇ ಇಲ್ಲ. 5 ಕಿಲೋಗೆ 3 ಮಿ.ಮೀ. ಅಂಗಡಿಯಿಂದ ತಂದಿದ್ದ ಬಟ್ಟುಗಳನ್ನೆಲ್ಲ ಇಟ್ಟೆವು, ಎಂಟೂವರೆ ಕಿಲೋ. ಆಗ ‘ಚಟ್’ ಅಂತು, ಆದರೂ ಬೀಳಲಿಲ್ಲ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಬಗ್ಗಿ ಬಗ್ಗಿ ನೋಡುತ್ತಿದ್ದರು. ಅಲೆ ಅಡ್ಡ ಇದ್ದ ತುಂಡು ಮಾತ್ರ ಚಪ್ಪಟೆಯದರಂತೆಯೇ ಕುಗ್ಗಿತು.

ಕಾರಣ ತಿಳಿಯಬೇಕಾದರೆ ನಿಮ್ಮ ಸ್ಕೇಲನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ ಒತ್ತಿರಿ. ಚಪ್ಪಟೆ ಇಟ್ಟರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಬಾಗೋದಿಲ್ಲ. ಸ್ಕೇಲ್ ಅದೇ! ಇಟ್ಟಿಗೆಗಳ ಮೇಲಿನ ಹಲಗೆ ಬಾಗುವಾಗ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಎಳೆಯಲ್ಪಡುತ್ತದೆ, ನಡುವಿನದು ಹೆಚ್ಚು ಕೆಲಸ ಮಾಡುವುದಿಲ್ಲ. ಹಲಗೆಯ ದಪ್ಪ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಗುಣ ಎಂಟರಷ್ಟಾಗುತ್ತದೆ, 2×2×2. ಅಲೆ ಮಾಡಿದಾಗ ಬಿದಿರು ಹೆಚ್ಚಾಗಲಿಲ್ಲ, ಆದರೆ ಅದು ಮೇಲಕ್ಕೂ ಕೆಳಕ್ಕೂ ಹಂಚಿಹೋಗಿ ಹಲಗೆಗೆ ಎತ್ತರ ಬಂತು.

‘ಚಟ್’ ಅಂದಿದ್ದು ಎಲ್ಲಿ ಅಂತ ಮೇಷ್ಟ್ರಿಗೂ ಸಿಗಲಿಲ್ಲ. ಮನೆಗೆ ಒಯ್ದು ಅಜ್ಜಿಗೆ ತೋರಿಸಿದೆ. ಬೆರಳಾಡಿಸಿ ತಕ್ಷಣ ಹೇಳಿದರು: “ಇಲ್ನೋಡು ಮಗಾ, ಗೆಣ್ಣಿರೋ ಸೀಳು ನಡುಮಧ್ಯ ಬಂದೈತೆ. ಗೆಣ್ಣಲ್ಲೇ ಮೊದ್ಲು ಬಿಡೋದು.” ನೋಡಿದರೆ ಹೌದು, ಕೆಳಮುಖದಲ್ಲಿ ಗೆಣ್ಣಿನ ಹತ್ತಿರವೇ ಸೀಳು ಬಿಟ್ಟಿತ್ತು. ಮರುದಿನ ಇದನ್ನು ಹೇಳಿದಾಗ ಮೇಷ್ಟ್ರು ತಮ್ಮ ಪುಸ್ತಕದಲ್ಲೂ ಬರೆದುಕೊಂಡರು.

ಸೋತದ್ದನ್ನೂ ಹೇಳಬೇಕು. ಉಳಿದಿದ್ದ ಅಲೆ ತುಂಡನ್ನು ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಅಂಟು ಮೆತ್ತಗಾಗಿ ಎರಡು ಪದರ ಕೈಗೇ ಬಿಟ್ಟು ಬಂದವು, ಅಲೆಯೂ ಹೋಯಿತು. ನೀರು ತಡೆಯುವ ಪ್ಲೈವುಡ್ಡನ್ನು 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷೆ ಮಾಡುತ್ತಾರಂತೆ. ಫೀನಾಲಿನ ಅಂಟು ಬಿಸಿಯಲ್ಲಿ ಒಮ್ಮೆ ಗಟ್ಟಿಯಾದರೆ, ಬೇಯಿಸಿದ ಮೊಟ್ಟೆ ಮತ್ತೆ ಲೋಳೆಯಾಗದಂತೆ, ಹಿಂದಕ್ಕೆ ಹೋಗುವುದಿಲ್ಲ. ನಮ್ಮದು ಒಂದೇ ಮಳೆಗೆ ಮುಗಿಯುತ್ತಿತ್ತು. ಹಾಗಾಗಿ ನಮ್ಮ ಮನೆ ಮೇಲೆ ಸದ್ಯಕ್ಕೆ ತಗಡೇ.

ಎಂಟೂವರೆ ಕಿಲೋ ಹೊತ್ತ ತುಂಡು ಏಳನೇ ತರಗತಿಯ ಕಿಟಕಿಯಲ್ಲಿದೆ. ಮುಟ್ಟಿ ನೋಡಬಹುದು, ಬಟ್ಟು ಇಟ್ಟೂ ನೋಡಬಹುದು. ನೀರು ಮಾತ್ರ ಹಾಕಬೇಡಿ.