ಕ್ಯೂಆರ್ ಸಂಕೇತ: ಬೇಕಾದುದು ಬೇಡವಾದ ಬಗೆ

2025ನೆಯ ಇಸವಿಯ ಫೆಬ್ರವರಿ 10ರಿಂದ 12ರವರೆಗೆ ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯಿತು. ಕಡಲೆಪುರಿ ಮಾರುವವರು, ಬಳೆ ಮಾರುವವರು, ಎಳನೀರಿನವರು ಮೊದಲಾಗಿ ಎಲ್ಲರ ಮುಂದೆಯೂ ಕಪ್ಪು ಬಿಳುಪಿನ ಚೌಕಗಳುಳ್ಳ ಒಂದೊಂದು ಫಲಕವಿದ್ದುದನ್ನು ಕಂಡೆನು. ಅದೇ ವರ್ಷದ ಜುಲೈ ತಿಂಗಳ ಕೊನೆಯಲ್ಲಿ ನಂಜನಗೂಡಿನ ಪೇಟೆಗೆ ಬಾಳೆಯ ಹಣ್ಣು ಕೊಳ್ಳಲು ಹೋದಾಗ, ನಾನು ಬಹುಕಾಲದಿಂದ ಬಲ್ಲ ಅಜ್ಜಿಯೊಬ್ಬರು ಅಂತಹುದೇ ಫಲಕವನ್ನು ಬುಟ್ಟಿಯ ಪಕ್ಕದಲ್ಲಿ ಬೋರಲು ಹಾಕಿದ್ದರು. ಕಾರಣ ಕೇಳಿದೆನು. "ಬ್ಯಾಡಿ ಮೇಷ್ಟ್ರೇ, ಚಿಲ್ರೇನೇ ಕೊಡಿ. ಅದು ಎಲ್ಲಾನೂ ಬರ್ಕೊತದಂತೆ" ಎಂದರು. ನಾನು ಚಿಲ್ಲರೆ ಹುಡುಕುತ್ತಿರುವಷ್ಟರಲ್ಲಿ, ಕೈಯಲ್ಲಿ ನಗದಿಲ್ಲದ ಇಬ್ಬರು ಗಿರಾಕಿಗಳು ಮುಂದಿನ ಅಂಗಡಿಗೆ ಹೊರಟುಹೋದರು.

ಐದು ತಿಂಗಳ ಹಿಂದೆ ಎಲ್ಲರಿಗೂ ಬೇಕಾಗಿದ್ದ ವಸ್ತು ಈಗ ಬೇಡವಾದುದೇಕೆ? ಫಲಕವೇನೂ ಬದಲಾಗಿರಲಿಲ್ಲ. ಇದಕ್ಕೆ ಉತ್ತರ ಕಾಣಬೇಕಾದರೆ, ಆ ಚೌಕದೊಳಗೆ ಏನಿದೆ, ಏನಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಸಾಬೂನು, ಪುಸ್ತಕ ಮುಂತಾದುವುಗಳ ಮೇಲೆ ಕಾಣುವ ಗೆರೆಗಳ ಸಂಕೇತಕ್ಕೆ ಬಾರ್‌ಕೋಡ್ ಎಂದು ಹೆಸರು. ಅದರಲ್ಲಿ ಮಾಹಿತಿ ಒಂದೇ ದಿಕ್ಕಿನಲ್ಲಿ ಹರಡಿರುವುದರಿಂದ ಸುಮಾರು 20 ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಜಪಾನಿನ ಮೋಟಾರು ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಒಂದೊಂದು ಪೆಟ್ಟಿಗೆಯ ಮೇಲೂ ಇಂತಹ ಹಲವು ಸಂಕೇತಗಳನ್ನು ಓದಬೇಕಾಗಿ, ಕೆಲಸಗಾರರು ಬೇಸತ್ತಿದ್ದರು. ಡೆನ್ಸೊ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು 1994ರಲ್ಲಿ ಉದ್ದ, ಅಗಲ ಎರಡು ದಿಕ್ಕುಗಳನ್ನೂ ಬಳಸಿಕೊಳ್ಳುವ ಹೊಸ ಸಂಕೇತವನ್ನು ರಚಿಸಿದರು. 'ಕ್ವಿಕ್ ರೆಸ್ಪಾನ್ಸ್', ಅಂದರೆ ಶೀಘ್ರ ಉತ್ತರ, ಎಂಬ ಮಾತುಗಳ ಮೊದಲ ಅಕ್ಷರಗಳೇ ಅದರ ಹೆಸರಾದುವು. ಅದರ ಅತಿ ಚಿಕ್ಕ ರೂಪದಲ್ಲಿ ಸಾಲಿಗೆ 21ರಂತೆ 21 ಸಾಲುಗಳು, ಒಟ್ಟು 441 ಮನೆಗಳಿವೆ. ಅತಿ ದೊಡ್ಡದರಲ್ಲಿ ಸಾಲಿಗೆ 177ರಂತೆ 31,329 ಮನೆಗಳಿದ್ದು, 7,089 ಅಂಕಿಗಳವರೆಗೆ ಹಿಡಿಯುತ್ತವೆ. ಕಪ್ಪು ಮನೆ 1, ಬಿಳಿಯ ಮನೆ 0 ಎಂಬುದು ಇದರ ಮೂಲತತ್ತ್ವ.

ಮೂರು ಮೂಲೆಗಳಲ್ಲಿ ಒಂದರೊಳಗೊಂದು ಅಡಗಿದ ಚೌಕಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಅವುಗಳ ನಡುಬಿಂದುವಿನ ಮೂಲಕ ಯಾವ ಕೋನದಲ್ಲಿ ಗೆರೆಯೆಳೆದರೂ ಕಪ್ಪು, ಬಿಳುಪು, ಕಪ್ಪು, ಬಿಳುಪು, ಕಪ್ಪು ಭಾಗಗಳು 1:1:3:1:1 ಎಂಬ ಪ್ರಮಾಣದಲ್ಲಿಯೇ ದೊರೆಯುತ್ತವೆ. ಕಾಗದದ ಮೇಲೆ ಆಳತೆಯ ಕೋಲನ್ನಿಟ್ಟು ಇದನ್ನು ಪರೀಕ್ಷಿಸಿ ನೋಡಬಹುದು. ಅಚ್ಚಾದ ಬರಹ ಚಿತ್ರಗಳಲ್ಲಿ ಈ ಪ್ರಮಾಣ ಅತಿ ವಿರಳವೆಂದು ಕಂಡುಕೊಂಡೇ ಅವರು ಇದನ್ನು ಆರಿಸಿದರು. ನಾಲ್ಕನೆಯ ಮೂಲೆಯಲ್ಲಿ ಈ ಗುರುತು ಇಲ್ಲದಿರುವುದರಿಂದ, ಫಲಕ ತಲೆಕೆಳಗಾಗಿದ್ದರೂ ಯಂತ್ರಕ್ಕೆ ದಿಕ್ಕು ತಿಳಿಯುತ್ತದೆ.

ಇನ್ನೊಂದು ಗುಣವೂ ಇದಕ್ಕುಂಟು. ನರಸೀಪುರ ತಾಲ್ಲೂಕಿನ ಸೋಮನಾಥಪುರದಂತಹ ಸ್ಥಳಗಳ ಶಾಸನಗಳನ್ನು ಓದುವ ವಿದ್ವಾಂಸರು, ಒಂದೆರಡು ಅಕ್ಷರಗಳು ಸವೆದಿದ್ದರೂ ಹಿಂದುಮುಂದಿನ ಪದಗಳ ಆಧಾರದಿಂದ ಅವುಗಳನ್ನು ತುಂಬಿಕೊಳ್ಳುತ್ತಾರೆ. ಹಾಗೆಯೇ ಕ್ಯೂಆರ್ ಸಂಕೇತದಲ್ಲಿ ಮೂಲ ಮಾಹಿತಿಯೊಡನೆ, ಅದರಿಂದಲೇ ಗಣಿಸಿದ ಹೆಚ್ಚಿನ ಅಂಕಿಗಳನ್ನೂ ಸೇರಿಸಿರುತ್ತಾರೆ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನವಿದು. ಇದರ ನಾಲ್ಕು ಮಟ್ಟಗಳಲ್ಲಿ ಕ್ರಮವಾಗಿ ನೂರಕ್ಕೆ ಸುಮಾರು 7, 15, 25, 30ರಷ್ಟು ಮಾಹಿತಿ ಕೆಟ್ಟರೂ ಮೂಲವನ್ನು ಮರಳಿ ಪಡೆಯಬಹುದು. ಬಾಳೆಯ ಕರೆ ತಗುಲಿದ ಫಲಕವೂ ಕೆಲಸ ಮಾಡುವುದು ಇದರಿಂದಲೇ.

ಇಷ್ಟೆಲ್ಲ ಗುಣಗಳಿದ್ದರೂ ನಮ್ಮ ದೇಶದಲ್ಲಿ ಮೊದಮೊದಲು ಇದು ಜಾಹೀರಾತುಗಳ ಮೂಲೆಯ ಅಲಂಕಾರವಾಗಿಯೇ ಉಳಿಯಿತು. ಓದಲು ಬೇರೊಂದು ಆಪ್ ಬೇಕಿತ್ತು; ಅಂತರಜಾಲ ದುಬಾರಿಯಾಗಿತ್ತು; ಅಷ್ಟು ಶ್ರಮಪಟ್ಟರೆ ದೊರೆಯುತ್ತಿದ್ದುದು ಯಾವುದೋ ಜಾಲತಾಣ. "ಇದರಿಂದ ಏನು ಪ್ರಯೋಜನ?" ಎಂದು ಜನ ಕೇಳಿದುದರಲ್ಲಿ ತಪ್ಪಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಯುಪಿಐ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದುವು. ಆ ವೇಳೆಗೆ ಅಂತರಜಾಲವೂ ಅಗ್ಗವಾಗುತ್ತಿತ್ತು. 2020ರ ಕೋವಿಡ್ ಪಿಡುಗಿನಲ್ಲಿ ನೋಟನ್ನು ಮುಟ್ಟಲು ಜನ ಅಂಜಿದರು. ಹೀಗೆ 1994ರ ಅದೇ ಚೌಕ, ಸುತ್ತಣ ವ್ಯವಸ್ಥೆ ಬದಲಾದೊಡನೆ ಅತ್ಯವಶ್ಯಕವಾಯಿತು.

2025ರ ಜುಲೈನಲ್ಲಿ ಗಾಳಿ ಮತ್ತೆ ತಿರುಗಿತು. ಯುಪಿಐ ಮೂಲಕ ಮಿತಿಮೀರಿ ಹಣ ಪಡೆದೂ ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳುಹಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಆ ಮಿತಿ. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಫಲಕಗಳು ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿಗಳು ಬಂದುವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ತಿಳಿಸಿದರು.

ವ್ಯಾಪಾರಿಗಳ ಅಳಲಿನಲ್ಲಿ ನ್ಯಾಯವಿತ್ತು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ಅದರಲ್ಲಿ ನೆಂಟರಿಂದ ತಂದ ಸಾಲವೂ ಇರಬಹುದು, ತೆರಿಗೆಯಿಲ್ಲದ ಸರಕಿನ ಬೆಲೆಯೂ ಇರಬಹುದು. ಅಳೆದುದು ಒಂದು, ತಿಳಿಯಬೇಕಾದುದು ಇನ್ನೊಂದು. ಪ್ರಯೋಗಶಾಲೆಯಲ್ಲಿಯೂ ನಾವು ಎಚ್ಚರ ವಹಿಸಬೇಕಾದ ದೋಷವಿದು. ಆದರೆ ಅಜ್ಜಿಯ ಭಯಕ್ಕೆ ಮಾತ್ರ ಆಧಾರವಿರಲಿಲ್ಲ. ಆ ಫಲಕಕ್ಕೆ ಕಣ್ಣಿಲ್ಲ, ನೆನಪಿಲ್ಲ. ಅದರಲ್ಲಿರುವುದು ಅವರ ಹೆಸರು ಮತ್ತು ಹಣ ಸೇರಬೇಕಾದ ವಿಳಾಸ, ಅಷ್ಟೆ. ಲೆಕ್ಕವಿರುವುದು ಬ್ಯಾಂಕಿನಲ್ಲಿ. ತೆರಿಗೆಯ ಮಿತಿ ನಗದಿಗೂ ಯುಪಿಐಗೂ ಒಂದೇ ಆದುದರಿಂದ, ಫಲಕವನ್ನು ಬಚ್ಚಿಟ್ಟ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಮೇಲಾಗಿ, ತಾಜಾ ಹಣ್ಣಿಗೆ ಜಿಎಸ್‌ಟಿ ಇಲ್ಲ. ಅದನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾದುದೂ ಇಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಈ ಸಂಕೇತವನ್ನು ಬರಿಗಣ್ಣಿನಿಂದ ಓದಲಾಗುವುದಿಲ್ಲ. ಆದುದರಿಂದ ವಂಚಕನು ಅದರ ಮೇಲೆ ತನ್ನ ಚೀಟಿಯನ್ನು ಅಂಟಿಸಿದರೂ ತಿಳಿಯದು. ಹಣ ಕೊಡುವ ಮೊದಲು ಫೋನಿನಲ್ಲಿ ಮೂಡುವ ಹೆಸರನ್ನು ಓದಬೇಕು. ಹಣ ಪಡೆಯುವುದಕ್ಕೆ ಯಾವ ಸಂಕೇತವನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ.

ನಾನು ಇಷ್ಟನ್ನೂ ಅಜ್ಜಿಗೆ ನಿಧಾನವಾಗಿ ಹೇಳಿದೆನು. ಅವರು ತಲೆಯಾಡಿಸಿದರೇ ಹೊರತು ಫಲಕವನ್ನು ಎತ್ತಲಿಲ್ಲ. ಮುಂದಿನ ವಾರ ಹೋದಾಗ ಅದು ತಕ್ಕಡಿಯ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. "ನಮ್ ಮೊಮ್ಮಗಳೂ ನೀವಂದಂಗೇ ಅಂದ್ಲು" ಎಂದರು. ಆ ಹುಡುಗಿ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಒಂದು ವಸ್ತುವಿನ ಉಪಯೋಗ ಆ ವಸ್ತುವಿನಲ್ಲಿ ಮಾತ್ರ ಅಡಗಿಲ್ಲ, ಬಳಸುವವರ ತಿಳಿವಳಿಕೆಯಲ್ಲಿಯೂ ಇದೆ. ಆ ತಿಳಿವಳಿಕೆಯನ್ನು ಮನೆಗೆ ಒಯ್ಯುವವರು ವಿದ್ಯಾರ್ಥಿಗಳೇ.