ಹೊಸ ಷೇರು: ಕೊಳ್ಳುವ ಮುನ್ನ ಹಲ್ಲು ನೋಡಿ



ದನದ ಜಾತ್ರೆಗೆ ಹೋದವನು ಕೋಡಿನ ಬಣ್ಣಕ್ಕೂ ಕೊರಳ ಗೆಜ್ಜೆಗೂ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಒಡೆಯನು ಏಕೆ ಮಾರುತ್ತಿದ್ದಾನೆಂದು ವಿಚಾರಿಸುತ್ತಾನೆ. ಕಂಪನಿಯು ಮೊದಲ ಬಾರಿ ಜನರಿಗೆ ಷೇರು ಮಾರುವಾಗಲೂ ಇದೇ ಎಚ್ಚರಿಕೆ ಬೇಕು. ಈಗ ಫೋನಿನಿಂದಲೇ ಅರ್ಜಿ ಹಾಕಬಹುದಾದುದರಿಂದ ಈ ಮಾತು ನಮ್ಮ ಹಳ್ಳಿಗಳಿಗೂ ಬಂದಿದೆ.

ಷೇರೆಂದರೆ ಕಂಪನಿಯ ಒಡೆತನದಲ್ಲಿ ಒಂದು ಸಣ್ಣ ಪಾಲು. ಅದು ಬ್ಯಾಂಕಿನ ಠೇವಣಿಯಲ್ಲ. ಹಾಕಿದ ಅಸಲು ಹಿಂದಿರುಗುವುದೆಂಬ ಭರವಸೆ ಅದರಲ್ಲಿಲ್ಲ.

ಜನ ಮುಗಿಬಿದ್ದರೆಂದು ಸರಕು ಒಳ್ಳೆಯದಾಗುವುದಿಲ್ಲ. 2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಷೇರಿಗೆ, ಮಾರಾಟಕ್ಕಿದ್ದುದರ 70 ಪಟ್ಟಿಗೂ ಹೆಚ್ಚು ಬೇಡಿಕೆ ಬಂದಿತು. ಸಣ್ಣ ಹೂಡಿಕೆದಾರರಿಗೆ ಬೆಲೆ 430 ರೂಪಾಯಿ. ಪೇಟೆಗೆ ಬಂದ ಮೊದಲ ದಿನದ ಕೊನೆಗೆ ಅದು ಸುಮಾರು 372ಕ್ಕೆ ಇಳಿಯಿತು. ಇದಕ್ಕೆ ವಿರುದ್ಧವಾಗಿ, 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಷೇರು ಮಾರಿದಾಗ ಸಾಕಷ್ಟು ಜನ ಕೊಳ್ಳಲು ಮುಂದೆ ಬರಲಿಲ್ಲ. ಪೇಟೆಯಲ್ಲಿ ಅದು 145ಕ್ಕೆ ಆರಂಭವಾಯಿತು; ಮುಂದೆ ಬಹಳ ಬೆಳೆಯಿತು.

ಆದುದರಿಂದ ಗದ್ದಲವನ್ನು ಬಿಟ್ಟು, ಕಂಪನಿ ಪ್ರಕಟಿಸುವ ವಿವರಪತ್ರವನ್ನು ಓದಬೇಕು. ಓದಲಾಗದಿದ್ದರೆ ಬಲ್ಲವರಿಂದ ಓದಿಸಬೇಕು. ನೋಡತಕ್ಕ ಅಂಶಗಳು ನಾಲ್ಕು:

1. ಹಣ ಯಾರಿಗೆ? ಹೊಸ ಕೆಲಸಕ್ಕಾಗಿ ಕಂಪನಿಗೋ, ತಮ್ಮ ಪಾಲು ಮಾರಿ ಹೊರಡುವ ಹಳೆಯ ಪಾಲುದಾರರಿಗೋ? 2021ರಲ್ಲಿ ಪೇಟಿಎಂ ಕಂಪನಿಯ 18,300 ಕೋಟಿ ರೂಪಾಯಿಗಳ ಮಾರಾಟದಲ್ಲಿ 10,000 ಕೋಟಿ ಹಳೆಯ ಪಾಲುದಾರರದು. 2,150ರ ಷೇರು ಮೊದಲ ದಿನವೇ ಸುಮಾರು 1,564ಕ್ಕೆ ಕುಸಿಯಿತು. ಹಳಬರು ಮಾರುವುದು ತಪ್ಪಲ್ಲ. ಏಕೆಂದು ಕೇಳುವುದು ನಮ್ಮ ಕೆಲಸ.

2. ಲಾಭವಿದೆಯೇ? ಹಿಂದಿನ ಮೂರು ವರ್ಷಗಳ ಲೆಕ್ಕ ನೋಡಿ.

3. ಬೆಲೆ ತಕ್ಕುದೇ? ಒಂದು ಷೇರಿಗೆ ವರ್ಷಕ್ಕೆ 10 ರೂಪಾಯಿ ಲಾಭವಿದ್ದು ಬೆಲೆ 400 ಇದ್ದರೆ, 40 ವರ್ಷದ ಫಸಲಿನ ಬೆಲೆಯನ್ನು ಇಂದೇ ಕೊಟ್ಟು ಹೊಲ ಕೊಂಡಂತೆ. ಅದೇ ಕಸುಬಿನ ಬೇರೆ ಕಂಪನಿಗಳೊಡನೆ ಹೋಲಿಸಿ.

4. ಸಾಲ ಎಷ್ಟು, ದಾವೆಗಳು ಎಷ್ಟು? ಅಪಾಯಗಳ ಅಧ್ಯಾಯದಲ್ಲಿ ಇದೆಲ್ಲ ಇರುತ್ತದೆ.

ಸೆಬಿ ಸಂಸ್ಥೆಯು ವಿವರಪತ್ರವನ್ನು ಪರಿಶೀಲಿಸುತ್ತದೆ ನಿಜ. ಆದರೆ ಷೇರು ಒಳ್ಳೆಯದೆಂದು ಅದು ಹೊಣೆ ಹೊರುವುದಿಲ್ಲ.

ಷೇರು ಖಂಡಿತ ಕೊಡಿಸುತ್ತೇನೆಂದು ಹಣ ಕೇಳುವವನನ್ನು ನಂಬಬೇಡಿ. ಸರಿಯಾದ ಕ್ರಮದಲ್ಲಿ ಅರ್ಜಿಯ ಹಣವು ನಿಮ್ಮ ಬ್ಯಾಂಕ್ ಖಾತೆಯಲ್ಲಿಯೇ ತಡೆಹಿಡಿದಿರುತ್ತದೆ. ಷೇರು ಸಿಗದಿದ್ದರೆ ತಡೆ ತೆಗೆಯುತ್ತಾರೆ.

ಕೊನೆಯದಾಗಿ, ಬಿತ್ತನೆ ಬೀಜದ ಹಣ, ಬೆಳೆಸಾಲದ ಹಣ, ಮಕ್ಕಳ ಶಾಲೆಯ ಹಣ ಇವುಗಳನ್ನು ಇದಕ್ಕೆ ಮುಟ್ಟಬಾರದು. ಇವೆಲ್ಲ ಕಳೆದು ಉಳಿದ ಹಣವಿದ್ದರೆ ಮಾತ್ರ ಯೋಚಿಸಿ. ಹತ್ತು ಕಂಪನಿಗಳಲ್ಲಿ ಒಂಬತ್ತನ್ನು ಬಿಟ್ಟರೂ ನಷ್ಟವಿಲ್ಲ. ಜಾತ್ರೆಯಿಂದ ಬರಿಗೈಯಲ್ಲಿ ಬಂದವನ ಹಣ ಅವನ ಗಂಟಿನಲ್ಲಿಯೇ ಇರುತ್ತದೆ.