ಸುತ್ತುವ ಮೊದಲು ನಿಲ್ಲಲು ಕಲಿಯಿರಿ

ಬ್ಯಾಲೆ ಕಲಿಯುವ ಮಕ್ಕಳೇ, ಒಂಟಿ ಕಾಲಲ್ಲಿ ಸುತ್ತುವ ಪಿರುಎಟ್ ಎಂದರೆ ನಿಮಗೆಲ್ಲ ಬಲು ಅವಸರ. ಒಂದು ಸುತ್ತು ನೆಟ್ಟಗಾಗುವ ಮೊದಲೇ ಎರಡನೆಯದು ಬೇಕು. ಆ ಆತುರದಲ್ಲಿ ಭುಜ ತಿರುಚಿ, ತೋಳು ಬೀಸಿ ವೇಗ ತರಲು ನೋಡುತ್ತೀರಿ. ಕೆಡುವುದು ಅಲ್ಲೇ. ಬೀಸಿದ ತೋಳು ಮೈಯನ್ನು ಹಿಂದಕ್ಕೋ ಪಕ್ಕಕ್ಕೋ ಎಳೆಯುತ್ತದೆ. ನಿಂತ ಕಾಲಿನ ಮೇಲೆ ಭಾರ ಕೂರುವುದೇ ಇಲ್ಲ.

ಮೊದಲು ಸುತ್ತದೆಯೇ ಮೇಲೇಳಿ. ಪ್ಲಿಯೇಯಲ್ಲಿ ಮಂಡಿ ಚೆನ್ನಾಗಿ ಮಡಿಸಿ, ನೆಲವನ್ನು ಒತ್ತಿ, ಹಿಮ್ಮಡಿ ಎತ್ತಿ ನೇರ ರೆಲೆವೆಗೆ ಏರಿ. ಇನ್ನೊಂದು ಪಾದದ ತುದಿ ಮಂಡಿಗೆ ತಾಗಿರಲಿ. ಅಲ್ಲಿ ನಾಲ್ಕು ಎಣಿಸುವಷ್ಟು ನಿಲ್ಲಲಾಗದಿದ್ದರೆ ಸುತ್ತು ಎಲ್ಲಿಂದ ಬರಬೇಕು, ಹೇಳಿ? ನಿಂತ ಮೇಲೆ ಅರ್ಧ ಸುತ್ತು, ಆಮೇಲೆ ಪೂರ್ತಿ.

ತೋಳುಗಳನ್ನು ಎದೆಯ ಮುಂದೆ ಬೇಗ ಸೇರಿಸಿ. ಹರಡಿಕೊಂಡಷ್ಟೂ ವೇಗ ಕುಗ್ಗುತ್ತದೆ. ಕಣ್ಣು ಎದುರಿನ ಒಂದೇ ಗುರುತಿನಲ್ಲಿ ನೆಟ್ಟಿರಲಿ. ತಲೆ ಕೊನೆಗೆ ಹೊರಟು ಎಲ್ಲಕ್ಕಿಂತ ಮೊದಲು ಬಂದು ಸೇರಬೇಕು. ಗದ್ದ ಮಾತ್ರ ಎತ್ತಬೇಡಿ.

1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ‘ಸ್ವಾನ್ ಲೇಕ್’ನಲ್ಲಿ ನರ್ತಕಿ ಪಿಯೆರಿನಾ ಲೆನ್ಯಾನಿ ಕಾಲು ಬೀಸಿ ತಿರುಗುವ 32 ಫುಯೆತೆ ಸುತ್ತಿದ್ದು ನಿಜ. ಆಸೆ ಇರಲಿ, ಆದರೆ ಈ ತಿಂಗಳಿಗೇ ಬೇಡ. ತಲೆ ಸುತ್ತಿದರೆ ಕೂತು ಸುಧಾರಿಸಿಕೊಳ್ಳಿ. ಎರಡೂ ಕಡೆಗೆ ಅಭ್ಯಾಸ ಮಾಡಿ, ಒಗ್ಗದ ಕಡೆಗೆ ಮೊದಲು.